ಪದಚರ್ಚೆ: ಲೆಗೋ ಸೆಟ್ಟು 'ಬೆಲೆ ಬಾಳತ್ತೆ' ಅನ್ನೋದಾ, 'ಗಿಟ್ಟತ್ತೆ' ಅನ್ನೋದಾ?

ಎಲ್ಲರಿಗೂ ನಮಸ್ಕಾರ,

ಚಿಕ್ಕ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಕಟ್ಟೋ ಲೆಗೋದ ಹೊಸ ಸೆಟ್ ಬಂದಾಗ ತಗೋಬೋದಾ ಬೇಡ್ವಾ ಅಂತ ತೀರ್ಮಾನ ಮಾಡೋದು ಹೇಗೆ ಅಂತ ಕನ್ನಡದಲ್ಲಿ ಒಂದು ಬರಹ ಮಾಡ್ತಿದ್ದೀನಿ, ಮಕ್ಕಳ ಆಟಕ್ಕಲ್ಲ, ಕಟ್ಟಿ ಶೋಕೇಸಲ್ಲಿ ಇಡೋಕೆ ಇಲ್ಲಾ ಸೀಲ್ ಒಡೀದೆ ಎತ್ತಿಡೋಕೆ ಅಂತ ತಗೊಳ್ಳೋ ದೊಡ್ಡೋರಿಗೆ. ಅದರಲ್ಲಿ ಕೆಲವು ಮಾತು ಇನ್ನೂ ಕೂತಿಲ್ಲ, ನಿಮ್ಮ ನಿಮ್ಮ ಕಡೆ ಏನಂತೀರ ಹೇಳಿ.

ಮುಖ್ಯವಾದ್ದು 'ವರ್ತ್'. ಎಲ್ಲರೂ 'ಈ ಸೆಟ್ ವರ್ತಾ' ಅಂತಲೇ ಕೇಳ್ತಾರೆ, ಆದ್ರೆ ಅದರೊಳಗೆ ಎರಡು ಪ್ರಶ್ನೆ ಸೇರ್ಕೊಂಡಿರತ್ತೆ. ಕೊಟ್ಟ ದುಡ್ಡಿಗೆ ತಕ್ಕ ಸಾಮಾನಾ, ಕಟ್ಟೋಕೆ ಚೆನ್ನಾಗಿದ್ಯಾ ಅನ್ನೋದು ಒಂದು. ನಾಲ್ಕು ವರ್ಷ ಬಿಟ್ಟು ಮಾರಿದ್ರೆ ಅಸಲಿನ ಮೇಲೆ ಏನಾದ್ರೂ ಹುಟ್ಟತ್ತಾ ಅನ್ನೋದು ಇನ್ನೊಂದು. ಮೊದಲನೇದಕ್ಕೆ 'ಬೆಲೆ ಬಾಳತ್ತೆ', ಎರಡನೇದಕ್ಕೆ 'ಗಿಟ್ಟತ್ತೆ' ಅಂತ ಬಳಸ್ತಿದ್ದೀನಿ, ಯಾಕಂದ್ರೆ ಗಿಟ್ಟೋದು ಮಾರೋರ ಮಾತು, ತರಕಾರಿಯೋರು 'ಆ ರೇಟಿಗೆ ಗಿಟ್ಟಲ್ಲ ಸಾರ್' ಅಂತಾರಲ್ಲ ಹಾಗೆ. ಎರಡನ್ನೂ ಬೇರೆ ಮಾಡದೆ ಬರೆದ್ರೆ ಓದೋರಿಗೆ ದುಡ್ಡಿನ ಪೆಟ್ಟು ಬೀಳತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಲೆಗೋ ತಾಜ್ ಮಹಲ್ ನೋಡಿ. 2008ರಲ್ಲಿ ಬಂದಿದ್ದು 5,922 ಪೀಸಿಂದು, ಬರೋದು ನಿಂತ ಮೇಲೆ ಸೆಕೆಂಡ್ ಹ್ಯಾಂಡಲ್ಲಿ ರೇಟು ಎಲ್ಲೆಲ್ಲಿಗೋ ಹೋಯ್ತು, ಇದು ಇನ್ನು ಮೇಲೇನೇ ಹೋಗತ್ತೆ ಅಂತ ಆ ಏರಿದ ರೇಟಿಗೇ ತಗೊಂಡು ಎತ್ತಿಟ್ಟೋರು ಬೇಕಾದಷ್ಟು ಜನ. 2017ರಲ್ಲಿ ಕಂಪನಿಯೋರು ಅದನ್ನೇ ಹೆಚ್ಚುಕಮ್ಮಿ ಹಾಗೇ, 5,923 ಪೀಸು, ಹೊಸ ಸೆಟ್ ನಂಬರ್ ಕೊಟ್ಟು ಮತ್ತೆ ಬಿಟ್ರು, ಹಳೇದರ ರೇಟು ಬಿತ್ತು. ಕಟ್ಟೋಕೆ ಅಂತ ತಗೊಂಡಿದ್ದೋರಿಗೆ ಇದರಿಂದ ಒಂದು ಕೂದಲೂ ಕೊಂಕಲಿಲ್ಲ, ಸುಮಾರು 51 ಸೆಂ.ಮೀ. ಅಗಲದ ಅದೇ ಗುಮ್ಮಟ ಮಿನಾರು ಮನೇಲಿ ಹಾಗೇ ನಿಂತಿರತ್ತೆ. ಅಂದ್ರೆ ಬೆಲೆ ಬಾಳ್ತು, ಗಿಟ್ಟಲಿಲ್ಲ. ಈ ವಾಕ್ಯ ನಿಮ್ಮ ಕಿವಿಗೆ ಸರಿ ಕೇಳತ್ತಾ? 'ಬೆಲೆ ಬಾಳೋದು' ಅಂದಾಗ ಕೆಲವರಿಗೆ ಬರೀ ದುಬಾರಿ ಅನ್ನೋ ಅರ್ಥ ಬರಬೋದು, ಬೆಲೆಬಾಳುವ ಒಡವೆ ಅಂತೀವಲ್ಲ ಹಾಗೆ, ಅದೊಂದು ಅನುಮಾನ ಇದೆ. 'ದುಡ್ಡಿಗೆ ಮೋಸ ಇಲ್ಲ' ಅನ್ನೋದು ಇನ್ನೂ ಸಹಜವೇನೋ.

'ಗಿಟ್ಟಲ್ಲ' ಅನ್ನೋದಕ್ಕೆ ಬೆಳಗಾವಿ ಕಡೆಯೋರು 'ಪರವಡಸಂಗಿಲ್ಲ' ಅಂತಾರೆ, ಮಂಗಳೂರು ಕಡೆ 'ಪೂರೈಸುದಿಲ್ಲ' ಕೇಳಿದೀನಿ. ಇವೆರಡೂ ಮಾರೋರು ಮಾತ್ರ ಹೇಳೋದಾ, ಇಲ್ಲಾ ಕೊಳ್ಳೋರೂ 'ನನ್ನ ಕೈಗೆ ಎಟುಕಲ್ಲ' ಅನ್ನೋ ಅರ್ಥಕ್ಕೆ ಬಳಸ್ತಾರಾ? ಆ ಕಡೆಯೋರು ದಯವಿಟ್ಟು ಹೇಳಿ, ಇದು ನಂಗೆ ನಿಜವಾಗ್ಲೂ ಬೇಕು.

'ಪೀಸ್ ಲೆಕ್ಕ', ಅಂದ್ರೆ ಸೆಟ್ಟಲ್ಲಿ ಎಷ್ಟು ಬಿಡಿ ಪೀಸ್ ಇದೆ ಅನ್ನೋ ಎಣಿಕೆ, ಅದನ್ನ ಹಾಗೇ ಉಳಿಸ್ಕೋತೀನಿ, ತುಣುಕು ಅಂದ್ರೆ ಒಡೆದ ಚೂರು ಅನ್ಸತ್ತೆ. ಅಮೆರಿಕದೋರು ಪೀಸಿಗೆ 10 ಸೆಂಟ್ ಒಳಗಿದ್ರೆ ಒಳ್ಳೆ ರೇಟು ಅಂತ ಅಳೀತಾರೆ, ಆ ಅಳತೆ ನಮ್ಮಲ್ಲಿ ನಡಿಯಲ್ಲ, ಯಾಕಂದ್ರೆ ಇಲ್ಲಿ ಆಟದ ಸಾಮಾನಿನ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಹೋಯ್ತು, 2023ರಲ್ಲಿ 70. ಅದಿರಲಿ, ಪೀಸ್ ಲೆಕ್ಕವೇ ದಾರಿ ತಪ್ಪಿಸತ್ತೆ. 2021ರ ಚಿಕ್ಕ ತಾಜ್ ಮಹಲಿಗೆ 2,022 ಪೀಸು, ಕೇಳೋಕೆ ದೊಡ್ಡದು, ಆದ್ರೆ ಇಡೀ ಸೆಟ್ಟು ಅಗಲ ಸುಮಾರು 23 ಸೆಂ.ಮೀ. ಅಷ್ಟೇ, ಬಹಳಷ್ಟು ಪೀಸು ಉಗುರಿನಷ್ಟು ಚಿಕ್ಕವು. ಅದಕ್ಕೇ ಕಟ್ಟಿದ ಮೇಲೆ ಎಷ್ಟು ದೊಡ್ಡದಾಗತ್ತೆ, ಚಿತ್ರಗಳು ಪ್ರಿಂಟ್ ಆಗಿ ಬಂದಿದಾವಾ ಇಲ್ಲಾ ಸ್ಟಿಕ್ಕರ್ ಅಂಟಿಸ್ಬೇಕಾ ಅಂತ ಮೊದಲು ನೋಡಿ ಅಂತ ಬರೆದಿದ್ದೀನಿ.

ಆಮೇಲೆ 'ರಿಟೈರ್ ಆಗೋದು'. ಕಂಪನಿ ಒಂದು ಸೆಟ್ಟನ್ನ ಮಾಡೋದು ಪೂರ್ತಿ ಬಿಟ್ರೆ ಹೀಗಂತಾರೆ, ಸ್ಟಾಕ್ ಖಾಲಿ ಆಗೋದು ಬೇರೆ, ಅದು ಮತ್ತೆ ಬರತ್ತೆ. 'ನಿವೃತ್ತ ಸೆಟ್' ಅಂತ ಒಬ್ಬರು ಸೂಚಿಸಿದ್ರು, ನಂಗೆ ಒಪ್ಪಿಗೆ ಇಲ್ಲ, ನಿವೃತ್ತಿ ಮನುಷ್ಯರಿಗೆ. ಬೈಕಿಗೆ ಕಾರಿಗೆ 'ಆ ಮಾಡೆಲ್ ಬರೋದು ನಿಂತೋಯ್ತು' ಅಂತೀವಲ್ಲ, ಅದೇ ಸಾಕು. ಆದ್ರೆ ಅದನ್ನ ವಿಶೇಷಣ ಮಾಡೋದು ಹೇಗೆ, 'ನಿಂತುಹೋದ ಸೆಟ್ಟು' ಅಂದ್ರೆ ಕೆಟ್ಟು ನಿಂತ ಹಾಗೆ ಕೇಳತ್ತೆ.

ಕೊನೇದು ಇಟ್ಟಿಗೆ ಮೇಲಿರೋ ಉಬ್ಬು. 1958ರಲ್ಲಿ ಪೇಟೆಂಟಿಗೆ ಹಾಕಿದ ವಿನ್ಯಾಸ, ಮೇಲೆ ಉಬ್ಬು, ಒಳಗೆ ಕೊಳವೆ, ಉಬ್ಬಿಂದ ಉಬ್ಬಿಗೆ 8 ಮಿ.ಮೀ., ಆಗಿನ ಇಟ್ಟಿಗೆ ಇವತ್ತಿಂದಕ್ಕೂ ಕೂರತ್ತೆ. ಕೂತ ಮೇಲೆ ಬಿಡದೆ ಹಿಡ್ಕೊಳ್ಳೋದಕ್ಕೆ 'ಕಚ್ಚಿಕೊಳ್ಳೋದು' ಅಂತ ಹಾಕಿದೀನಿ, ನಟ್ಟು ಬೋಲ್ಟಿಗೂ ಹಾಗೇ ಅಂತೀವಿ. ಅಗ್ಗದ ನಕಲಿ ಸೆಟ್ಟಲ್ಲಿ ಎಷ್ಟೋ ಸಲ ಕೈ ಕೊಡೋದು ಇದೇ, ಒಂದೋ ಕಚ್ಚಲ್ಲ, ಇಲ್ಲಾ ಕಚ್ಚಿದ್ದು ಬಿಡಲ್ಲ. ಉಬ್ಬಿಗೆ 'ಗುಂಡಿ' ಅಂದ್ರೆ ಅಂಗಿ ಗುಂಡಿ ಥರ ಸರಿಹೋಗತ್ತೆ, ಆದ್ರೆ ಅಡಿಯಲ್ಲಿ ನಿಜವಾಗ್ಲೂ ಗುಂಡಿ ಇದೆಯಲ್ಲ, ಓದೋರು ಯಾವುದು ಅಂತ ತಿಳ್ಕೊಳ್ತಾರೆ? ಬಡಗಿಗಳು, ಹಳೇ ಬಾಗಿಲ ಕೆಲಸ ಮಾಡೋರು ಇಂಥ ಚಿಕ್ಕ ಉಬ್ಬಿಗೆ ಏನಂತಾರೆ ಅಂತ ಗೊತ್ತಿದ್ರೆ ಬರೀರಿ, ಊರಿನ ಹೆಸರೂ ಜೊತೆಗೆ ಹಾಕಿ.