ಪಂಪಿಗೆ ಹತ್ತು ಗ್ರಾಂ ಅಂದವರು ಯಾರು?

ನಮ್ಮ ಮನೆಮಂದಿ ಗುಂಪಿಗೆ ತಮ್ಮ ಒಂದು ಫೋಟೋ ಹಾಕಿದ. ಹಸಿರು ಹಿನ್ನೆಲೆ, ದಪ್ಪ ಅಕ್ಷರ: "ಹತ್ತಿಯ ಜಿಗಿಹುಳು, ಹೇನಿಗೆ ಇಮಿಡಾಕ್ಲೋಪ್ರಿಡ್. 16 ಲೀಟರ್ ಪಂಪಿಗೆ 10 ಎಂ.ಎಲ್. ಪುಡಿಯಾದರೆ 10 ಗ್ರಾಂ. ಎಲ್ಲ ರೈತರಿಗೂ ತಲುಪಿಸಿ." ಆಮೇಲೆ ನಡೆದದ್ದು ಇದು. ದೊಡ್ಡಮ್ಮ ನಡುನಡುವೆ ಕಳಿಸಿದ ಗುಡ್ ಮಾರ್ನಿಂಗ್ ಹೂವುಗಳನ್ನು ಬಿಟ್ಟಿದ್ದೇನೆ.

ಮಾನ್ವಿ ಕಾಕಾ: ಸರಿಯಾಗಿದೆ. ನಾನೂ ಹತ್ತೇ ಹಾಕುವುದು.

ನಾನು: ತಡೀರಿ ಕಾಕಾ. ಬಾಟಲಿ ಮೇಲೆ ಎಷ್ಟು ಪರ್ಸೆಂಟ್ ಅಂತ ಇದೆ?

ಮಾನ್ವಿ ಕಾಕಾ: 17.8 ಎಸ್‌ಎಲ್, ನೀರಲ್ಲಿ ಕರಗುವ ದ್ರವ.

ನಾನು: ಪುಡಿ ಡಬ್ಬಿ ಮೇಲೆ?

ತಮ್ಮ: 70 ಡಬ್ಲ್ಯೂಜಿ, ನೀರಲ್ಲಿ ಹರಡುವ ಹರಳು ಪುಡಿ. ಎರಡೂ ಇಮಿಡಾನೇ ಅಲ್ವಾ? ಯಾಕೆ ಸುಮ್ನೆ ತಲೆ ತಿಂತೀಯ?

ನಾನು: ಹೆಸರು ಒಂದೇ, ಗಟ್ಟಿತನ ಬೇರೆ. 70 ಅಂದರೆ 100 ಗ್ರಾಂ ಪುಡಿಯಲ್ಲಿ 70 ಗ್ರಾಂ ವಿಷ. ಬಾಟಲಿಯ 10 ಎಂ.ಎಲ್.ನಲ್ಲಿ ಪಂಪಿಗೆ ಹೋಗುವುದು 2 ಗ್ರಾಂ. ಪುಡಿಯ 10 ಗ್ರಾಂನಲ್ಲಿ 7. ಮೂರೂವರೆ ಪಟ್ಟು!

ಅಳಿಯ: ಅತ್ತೆ, ಲೆಕ್ಕ ತಪ್ಪಿದೆ. 17.8 ಪರ್ಸೆಂಟ್ ಅಂದ್ರೆ 10 ಎಂ.ಎಲ್.ಗೆ 1.78 ಗ್ರಾಂ. 2 ಎಲ್ಲಿಂದ ಬಂತು? ಕೆಮಿಸ್ಟ್ರಿ ಮೇಡಂ ಆಗಿ ಹೀಗಾ?

ನಾನು: ಆ ಪರ್ಸೆಂಟ್ ತೂಕದ್ದು ಮಾರಾಯ. ಔಷಧ ನೀರಿಗಿಂತ ಭಾರ, 10 ಎಂ.ಎಲ್. ತೂಗಿದರೆ ಸುಮಾರು 11.2 ಗ್ರಾಂ. ಅದರ 17.8 ಪರ್ಸೆಂಟ್ ತೆಗೆ, 2 ಬರುತ್ತದೆ. ಇದನ್ನೇ ಹೊರದೇಶಗಳಲ್ಲಿ ಲೀಟರಿಗೆ 200 ಗ್ರಾಂ ಅಂತ ಬರೆದು ಮಾರುತ್ತಾರೆ. ಒಂದು ಎಂ.ಎಲ್. ಅಂದ್ರೆ ಒಂದು ಗ್ರಾಂ ಅಂತ ಕಣ್ಣು ಮುಚ್ಚಿ ಹಿಡಿಯುವುದನ್ನು ನನ್ನ ಪಿಯು ಮಕ್ಕಳೂ ಬಿಡುವುದಿಲ್ಲ.

ಮಾನ್ವಿ ಕಾಕಾ: ನಿಮ್ಮ ಲ್ಯಾಬಿನಲ್ಲಿ ಹುಳ ಇರುವುದಿಲ್ಲಮ್ಮ. ಇಲ್ಲಿ ಕಮ್ಮಿ ಹಾಕಿದರೆ ಸಾಯಲ್ಲ. ಎಲೆ ಮುಟುರಾದ ಮೇಲೆ ನಿನ್ನ ಲೆಕ್ಕ ಏನು ಮಾಡುತ್ತದೆ?

ನಾನು: ಹಾಗಾದರೆ ಹೊಲದ ಲೆಕ್ಕವೇ ಮಾಡೋಣ. ಲೇಬಲ್ ಹತ್ತಿಗೆ ಹೇಳುವುದು ಹೆಕ್ಟೇರಿಗೆ. ದ್ರವವಾದರೆ 100ರಿಂದ 125 ಎಂ.ಎಲ್., ಪುಡಿಯಾದರೆ 30ರಿಂದ 35 ಗ್ರಾಂ. ಹೆಕ್ಟೇರ್ ಅಂದರೆ 2.47 ಎಕರೆ, ಅದರಿಂದ ಭಾಗಿಸಿದರೆ ಎಕರೆಗೆ 40ರಿಂದ 50 ಎಂ.ಎಲ್., ಇಲ್ಲವೇ 12ರಿಂದ 14 ಗ್ರಾಂ. ಈಗ ನೋಡಿ: 40 ಎಂ.ಎಲ್.ನಲ್ಲಿ ವಿಷ 8 ಗ್ರಾಂ, 12 ಗ್ರಾಂ ಪುಡಿಯಲ್ಲಿ 8.4. ಅಳತೆ ಬೇರೆ ಬೇರೆ ಕಂಡರೂ ಎಕರೆಗೆ ಬೀಳುವುದು ಹೆಚ್ಚುಕಮ್ಮಿ ಅಷ್ಟೇ! ಎಕರೆಗೆ ಎಷ್ಟು ಪಂಪ್ ಹೊಡೆಯುತ್ತೀರಿ?

ಮಾನ್ವಿ ಕಾಕಾ: ಹನ್ನೆರಡು.

ನಾನು: ಪುಡಿಯನ್ನು ಪಂಪಿಗೆ 10 ಗ್ರಾಂ ಹಾಕಿದರೆ 120 ಗ್ರಾಂ ಆಯಿತು. ಹತ್ತು ಎಕರೆಯ ಔಷಧ ಒಂದು ಎಕರೆಗೆ. ಬೇಕಾದದ್ದು ಪಂಪಿಗೆ 1 ಗ್ರಾಂ. ದ್ರವವಾದರೆ 4 ಎಂ.ಎಲ್. ಸಾಕು, ಅದೂ ಆ ಫೋಟೋದಲ್ಲಿ ಜಾಸ್ತಿಯೇ ಇದೆ.

ಅಳಿಯ: ಪಿಪಿಎಂನಲ್ಲಿ ಹೇಳಿ.

ನಾನು: ಲೀಟರಿಗೆ ಎಷ್ಟು ಮಿಲಿಗ್ರಾಂ ವಿಷವೋ ಅಷ್ಟು ಪಿಪಿಎಂ. ಲೇಬಲ್ ಪ್ರಕಾರ 45ರ ಆಸುಪಾಸು. ಫೋಟೋದ ಪ್ರಕಾರ ಪುಡಿ ಹಾಕಿದರೆ 430 ದಾಟುತ್ತದೆ.

ದೊಡ್ಡಮ್ಮ: ಹೊಡೆಯುವವನು ನನ್ನ ಮೊಮ್ಮಗ. ಬಾಯಿಗೆ ಬಟ್ಟೆ ಕೂಡ ಕಟ್ಟಿಕೊಳ್ಳುವುದಿಲ್ಲ. ಅದನ್ನು ಯಾರೂ ಕೇಳುತ್ತಿಲ್ಲ.

(ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕಾಕಾ ಹೆಬ್ಬೆರಳು ಹಾಕಿದರು, ಅಷ್ಟೇ.)

ತಮ್ಮ: ಹತ್ತು ಹಾಕಿದರೂ ಸಾಯದ ಹುಳ ಒಂದು ಗ್ರಾಂಗೆ ಸಾಯುತ್ತದಾ?

ನಾನು: ಔಷಧಕ್ಕೆ ಒಗ್ಗಿದ ಹುಳಕ್ಕೆ ಜಾಸ್ತಿ ಸುರಿದು ಲಾಭವಿಲ್ಲ, ಔಷಧದ ಗುಂಪನ್ನೇ ಬದಲಿಸಬೇಕು, ಅಂದರೆ ಬೇರೆ ರೀತಿಯಲ್ಲಿ ಹುಳ ಕೊಲ್ಲುವ ಔಷಧ ಬೇಕು. ಬಿಟಿ ಬೀಜಕ್ಕೆ ಸಾಮಾನ್ಯವಾಗಿ ಇಮಿಡಾ ಲೇಪಿಸಿಯೇ ಕೊಡುತ್ತಾರೆ. ಅದರ ಮೇಲೆ ಮತ್ತೆ ಇಮಿಡಾ. ಆಮೇಲೆ ಅಂಗಡಿಯವನು ಥಯಾಮೆಥಾಕ್ಸಾಮ್ ಕೊಡುತ್ತಾನೆ, ಅದೂ ಇದೇ ಗುಂಪಿನದು. ಜೇನುನೊಣ ಮಾತ್ರ ಮೊದಲು ಸಾಯುತ್ತದೆ. ಯಾವುದು ಬದಲಿಸಬೇಕು ಅಂತ ಕಿಸಾನ್ ಕಾಲ್ ಸೆಂಟರಿಗೆ ಕೇಳಿ, 1800-180-1551.

ಮಾನ್ವಿ ಕಾಕಾ: ಅದೆಲ್ಲ ಇರಲಿ. ಹೊಲದ ಬದುವಿನ ಮೇಲೆ ನಿಂತು 1 ಗ್ರಾಂ ಹೇಗೆ ತೂಗಲಿ? ಅಕ್ಕಸಾಲಿಗನ ತಕ್ಕಡಿ ತರಲೇ?

ನಾನು: ಇದು ಸರಿಯಾದ ಪ್ರಶ್ನೆ. ಒಂದೊಂದು ಗ್ರಾಂ ತೂಗಬೇಡಿ. ಎಕರೆಯ ಪೂರ್ತಿ 12 ಗ್ರಾಂ ಮನೆಯಲ್ಲೇ ಒಮ್ಮೆ ತೂಗಿಸಿಟ್ಟುಕೊಳ್ಳಿ. ಹೊಲದಲ್ಲಿ ಬಕೆಟಿಗೆ ಹಾಕಿ, ಸ್ವಲ್ಪ ನೀರಿನಲ್ಲಿ ಕಲಸಿ, ಆಮೇಲೆ ನೀರು ಸೇರಿಸುತ್ತಾ ಒಟ್ಟು 1.2 ಲೀಟರಿಗೆ ತನ್ನಿ. ಈಗ 100 ಎಂ.ಎಲ್.ನಲ್ಲಿ 1 ಗ್ರಾಂ ಪುಡಿ ಇದೆ. ಅರ್ಧ ಪಂಪ್ ನೀರು ಹಾಕಿ, ಇದನ್ನು 100 ಎಂ.ಎಲ್. ಅಳೆದು ಸುರಿದು, ಉಳಿದ ನೀರು ತುಂಬಿಸಿ. ಪುಡಿ ತಳಕ್ಕೆ ಇಳಿಯುತ್ತದೆ, ಪ್ರತಿ ಸಲ ಅಳೆಯುವ ಮುಂಚೆ ಕೋಲಿನಿಂದ ತಿರುವಿ. ಅವತ್ತೇ ಮುಗಿಸಿ. ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ತುಂಬಿ ಮನೆಗೆ ತರಬೇಡಿ.

ಮಾನ್ವಿ ಕಾಕಾ: ನನ್ನ ಹೊಸ ಬ್ಯಾಟರಿ ಪಂಪು 20 ಲೀಟರಿನದು.

ನಾನು: ಎಕರೆಗೆ ಹತ್ತು ಪಂಪ್ ಆಗುತ್ತದಲ್ಲ? ಹಾಗಾದರೆ 120 ಎಂ.ಎಲ್. ಪಂಪು ಯಾವುದಾದರೂ ಇರಲಿ, ಎಕರೆಯ 12 ಗ್ರಾಂ ಬದಲಾಗಬಾರದು.

ತಮ್ಮ: ಫೋಟೋ ಇಲ್ಲಿಂದ ತೆಗೆದೆ. ಹತ್ತಿ ಬೆಳೆಗಾರರ ಗುಂಪಿನಲ್ಲಿ ಡಿಲೀಟ್ ಆಗುತ್ತಿಲ್ಲ, ತಡವಾಗಿದೆ.

ನಾನು: ಅಲ್ಲಿ ಈ ಲೆಕ್ಕ ಹಾಕು.

ಮಾನ್ವಿ ಕಾಕಾ: ಕೆಳಗೆ "70 ಡಬ್ಲ್ಯೂಜಿ, ಹತ್ತಿಗೆ ಮಾತ್ರ" ಅಂತ ದಪ್ಪಗೆ ಬರಿ. ಇಲ್ಲದಿದ್ದರೆ ನಾಳೆ ಎಲ್ಲರೂ ಮೆಣಸಿನಕಾಯಿಗೂ ಇದೇ ಹೊಡೆಯುತ್ತಾರೆ.