ಉಬುಂಟು 24.04: ಸ್ನ್ಯಾಪ್ ಫೈರ್‌ಫಾಕ್ಸ್ ತೆಗೆದರೂ ಮತ್ತೆ ಬರುತ್ತಿದೆ, ಬುಕ್‌ಮಾರ್ಕ್‌ಗಳೂ ಕಾಣೆ

ಪಾಠಮನೆ:
ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 24.04 (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಇದೆ. ಅದರಲ್ಲಿ ಮೊದಲೇ ಇದ್ದ ಫೈರ್‌ಫಾಕ್ಸ್, ಯಂತ್ರ ಹಚ್ಚಿದ ನಂತರ ಮೊದಲ ಸಲ ತೆರೆಯುವಾಗ ಬಹಳ ಹೊತ್ತು ಕಾಯಿಸುತ್ತಿತ್ತು. ಅದು ಸ್ನ್ಯಾಪ್ ಪ್ಯಾಕೇಜ್ (ಬೇಕಾದದ್ದನ್ನೆಲ್ಲ ತನ್ನೊಳಗೇ ಹೊತ್ತು ಬರುವ ಉಬುಂಟುವಿನ ಪ್ಯಾಕೇಜ್ ಬಗೆ) ಆಗಿರುವುದರಿಂದ ಹಾಗಾಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಟರ್ಮಿನಲ್‌ನಲ್ಲಿ ಸ್ನ್ಯಾಪ್ ರಿಮೂವ್ ಕೊಟ್ಟು ತೆಗೆದು, ಉಬುಂಟುವಿನ ಇನ್ನೊಂದು ಪ್ಯಾಕೇಜ್ ಸಾಧನವಾದ ಆಪ್ಟ್ ಬಳಸಿ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್ ಎಂದು ಕೊಟ್ಟೆ. ಮತ್ತೆ ಸ್ನ್ಯಾಪೇ ಬಂದು ಕುಳಿತಿದೆ! ಅದಕ್ಕಿಂತ ದೊಡ್ಡ ಚಿಂತೆ ಎಂದರೆ ನನ್ನ ಬುಕ್‌ಮಾರ್ಕ್‌ಗಳು, ಉಳಿಸಿದ್ದ ಪಾಸ್‌ವರ್ಡ್‌ಗಳು ಒಂದೂ ಇಲ್ಲ. ಎಂಟನೇ ತರಗತಿಯಿಂದ ಹತ್ತರವರೆಗಿನ ವಿಜ್ಞಾನ ಪಾಠಗಳಿಗೆ ಕೂಡಿಸಿಟ್ಟ ಕೊಂಡಿಗಳೆಲ್ಲ ಅದರಲ್ಲಿದ್ದವು. ಮೊಜಿಲ್ಲಾ ಖಾತೆಯಲ್ಲಿ ಸಿಂಕ್ ಮಾಡಿರಲಿಲ್ಲ. ಏನಾದರೂ ದಾರಿ ಇದೆಯೇ?

ಟರ್ಮಿನಲ್‌ಮಿತ್ರ:
ನಮಸ್ಕಾರ ಮೇಷ್ಟ್ರೇ. ಗಾಬರಿ ಬೇಡ, ಆದರೆ ಈಗ ಏನನ್ನೂ ತೆಗೆಯಬೇಡಿ, ಹೊಸದಾಗಿ ಹಾಕಲೂ ಬೇಡಿ. ಬ್ರೌಸರ್ ಮುಚ್ಚಿಡಿ. ಒಂದು ವಿಷಯ ಹೇಳಿ: ತೆಗೆಯುವಾಗ ಪರ್ಜ್ ಎಂಬ ಆಯ್ಕೆ ಸೇರಿಸಿದ್ದಿರಾ? ತೆಗೆದು ಎಷ್ಟು ದಿನವಾಯಿತು?

ಪಾಠಮನೆ:
ಪರ್ಜ್ ಕೊಟ್ಟಿಲ್ಲ. ನಿನ್ನೆ ರಾತ್ರಿ ತೆಗೆದದ್ದು.

ಟರ್ಮಿನಲ್‌ಮಿತ್ರ:
ಹಾಗಾದರೆ ನಿಮ್ಮ ಕೊಂಡಿಗಳು ಅಲ್ಲೇ ಇರಬೇಕು. ಸ್ನ್ಯಾಪ್ ಪ್ಯಾಕೇಜನ್ನು ತೆಗೆದಾಗ ಅದರ ಬಳಕೆದಾರ ಮಾಹಿತಿ ಅಳಿಯುತ್ತದೆ ನಿಜ. ಆದರೆ ಅಳಿಸುವ ಮುನ್ನ ವ್ಯವಸ್ಥೆ ತಾನಾಗಿಯೇ ಒಂದು ಸ್ನ್ಯಾಪ್‌ಶಾಟ್ (ಆ ಮಾಹಿತಿಯ ನಕಲು) ಉಳಿಸುತ್ತದೆ. ಬೇರೆ ಏನೂ ಹೊಂದಿಸಿರದಿದ್ದರೆ ಅದು 31 ದಿನ ಇರುತ್ತದೆ. ಪರ್ಜ್ ಕೊಟ್ಟಿದ್ದರೆ ಮಾತ್ರ ಅದೂ ಸಿಗುತ್ತಿರಲಿಲ್ಲ.

ಟರ್ಮಿನಲ್‌ನಲ್ಲಿ ಸ್ನ್ಯಾಪ್ ಸೇವ್ಡ್ ಎಂಬ ಆದೇಶ ಕೊಡಿ. ಫೈರ್‌ಫಾಕ್ಸ್ ಹೆಸರಿನ ಸಾಲಿನ ಮೊದಲಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಸ್ನ್ಯಾಪ್ ರಿಸ್ಟೋರ್ ಎಂದು ಬರೆದು ಆ ಸಂಖ್ಯೆ ಕೊಡಿ. ಆದೇಶದ ಮೊದಲಲ್ಲಿ ಸುಡೊ (ನಿರ್ವಾಹಕ ಅಧಿಕಾರದಿಂದ ಓಡಿಸುವ ಪದ) ಇರಲಿ. ಆಮೇಲೆ ಬ್ರೌಸರ್ ತೆರೆದು ನೋಡಿ. ಬುಕ್‌ಮಾರ್ಕ್ ಬಂದಿದ್ದರೆ ಇಲ್ಲಿ ತಿಳಿಸಿ, ಮುಂದಿನದನ್ನು ಆಮೇಲೆ ಮಾಡೋಣ.

ಪಾಠಮನೆ:
ಬಂದವು! ಪಾಸ್‌ವರ್ಡ್‌ಗಳೂ ಬಂದಿವೆ. ಹೇಗೆ ಧನ್ಯವಾದ ಹೇಳಲಿ. ಈಗ ಸ್ನ್ಯಾಪ್ ಅಲ್ಲದ ಫೈರ್‌ಫಾಕ್ಸ್ ಹಾಕುವುದು ಹೇಗೆ? ಆಪ್ಟ್ ಕೊಟ್ಟರೂ ಸ್ನ್ಯಾಪೇ ಬಂದದ್ದೇಕೆ?

ಟರ್ಮಿನಲ್‌ಮಿತ್ರ:
ಉಬುಂಟು 22.04ರಿಂದ ಈಚೆಗೆ ಆಪ್ಟ್‌ನಲ್ಲಿ ಫೈರ್‌ಫಾಕ್ಸ್ ಎಂಬ ಹೆಸರಿನಲ್ಲಿ ಇರುವುದು ಬ್ರೌಸರ್ ಅಲ್ಲ, ಸ್ನ್ಯಾಪನ್ನು ಕರೆತರುವ ಒಂದು ಸಣ್ಣ ಪ್ಯಾಕೇಜ್. ಅದರ ಆವೃತ್ತಿ ಸಂಖ್ಯೆ ನೋಡಿ: 1, ಕೋಲನ್, ಆಮೇಲೆ 1ಸ್ನ್ಯಾಪ್1 ಎಂದಿರುತ್ತದೆ. ಕೋಲನ್‌ಗೆ ಮುಂಚೆ ಇರುವ ಆ ಒಂದು ಅಂಕಿಯಲ್ಲೇ ಗುಟ್ಟಿದೆ. ಆಪ್ಟ್ ಲೆಕ್ಕದಲ್ಲಿ ಕೋಲನ್ ಇರುವ 1 ಎಂಬುದು ಕೋಲನ್ ಇಲ್ಲದ ಫೈರ್‌ಫಾಕ್ಸ್ ಆವೃತ್ತಿ 122ಕ್ಕಿಂತಲೂ 140ಕ್ಕಿಂತಲೂ ದೊಡ್ಡದು. ಹಾಗಾಗಿ ಮೊಜಿಲ್ಲಾದ ರೆಪೊಸಿಟರಿಯನ್ನು (ಆಪ್ಟ್ ಪ್ಯಾಕೇಜ್ ಇಳಿಸಿಕೊಳ್ಳುವ ಭಂಡಾರ) ಸುಮ್ಮನೆ ಸೇರಿಸಿದರೆ ಸಾಲದು, ಅದಕ್ಕೆ ಆದ್ಯತೆ ಕೊಡಲೇಬೇಕು. ಈ ಹಂತ ಬಿಟ್ಟುಹೋದಾಗ ಸ್ನ್ಯಾಪ್ ಮತ್ತೆ ಮತ್ತೆ ಬರುತ್ತದೆ.

ಮೊದಲು ನಿಮ್ಮ ಮಾಹಿತಿಯನ್ನು ಸುರಕ್ಷಿತ ಜಾಗಕ್ಕೆ ತನ್ನಿ. ಬ್ರೌಸರ್ ಮುಚ್ಚಿ. ಫೈಲ್ಸ್ ತೆರೆದು ಹೋಮ್‌ನಲ್ಲಿರುವ ಸ್ನ್ಯಾಪ್ ಫೋಲ್ಡರ್‌ಗೆ, ಅದರೊಳಗೆ ಫೈರ್‌ಫಾಕ್ಸ್‌ಗೆ, ಅದರೊಳಗೆ ಕಾಮನ್‌ಗೆ ಹೋಗಿ. ಏನೂ ಕಾಣದಿದ್ದರೆ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ. ಚುಕ್ಕಿಯಿಂದ ಶುರುವಾಗುವ ಮೊಜಿಲ್ಲಾ ಎಂಬ ಮರೆಯಾದ ಫೋಲ್ಡರ್ ಕಾಣುತ್ತದೆ. ಅದನ್ನು ನಕಲು ಮಾಡಿ ಹೋಮ್‌ನಲ್ಲಿ ಅಂಟಿಸಿ. ಹೋಮ್‌ನಲ್ಲಿ ಅದೇ ಹೆಸರಿನ ಹಳೆಯ ಫೋಲ್ಡರ್ ಇದ್ದರೆ ಅದಕ್ಕೆ ಮೊದಲು ಬೇರೆ ಹೆಸರು ಕೊಡಿ, ಎರಡನ್ನೂ ಬೆರೆಸಬೇಡಿ. ಇನ್ನೊಂದು ನಕಲನ್ನು ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ ಎಂದು ಒತ್ತಾಯಪಡಿಸುತ್ತೇನೆ. ಬ್ರೌಸರನ್ನು ಎಷ್ಟು ಸಲ ಬೇಕಾದರೂ ಹಾಕಬಹುದು, ಕೂಡಿಸಿಟ್ಟ ಕೊಂಡಿಗಳು ಹಾಗಲ್ಲ.

ಇನ್ನು ರೆಪೊಸಿಟರಿ. 2024ರ ಜನವರಿಯಲ್ಲಿ, 122ನೇ ಆವೃತ್ತಿಯೊಂದಿಗೆ, ಮೊಜಿಲ್ಲಾ ತನ್ನದೇ ಆಪ್ಟ್ ರೆಪೊಸಿಟರಿಯನ್ನು ಎಲ್ಲರಿಗೂ ತೆರೆಯಿತು. ಮೊಜಿಲ್ಲಾದ ಸಹಾಯ ಪುಟದಲ್ಲಿ ಲಿನಕ್ಸ್ ವಿಭಾಗಕ್ಕೆ ಹೋದರೆ ಪ್ಯಾಕೇಜ್ ಅಸಲಿಯೇ ಎಂದು ನೋಡುವ ಡಿಜಿಟಲ್ ಕೀಲಿ ಇಳಿಸುವುದು, ಅದರ ಬೆರಳಚ್ಚು (ಗುರುತಿನ ಅಕ್ಷರ-ಅಂಕಿ ಸಾಲು) ಹೋಲಿಸುವುದು, ವಿಳಾಸ ಸೇರಿಸುವುದು ಎಲ್ಲಕ್ಕೂ ಆದೇಶಗಳಿವೆ. ಅಲ್ಲಿಂದಲೇ ನಕಲು ಮಾಡಿ. ಯಾರೋ ಎಲ್ಲೋ ಬರೆದ ಸಾಲುಗಳನ್ನು ಸುಡೊ ಸಮೇತ ಅಂಟಿಸಬೇಡಿ. ಆಪ್ಟ್‌ನ ಪ್ರಿಫರೆನ್ಸಸ್ ಫೋಲ್ಡರ್‌ನಲ್ಲಿ ಪಿನ್ ಪ್ರಯಾರಿಟಿ (ಆಗ ಹೇಳಿದ ಆದ್ಯತೆ) 1000 ಎಂದು ಬರೆಯುವ ಹಂತವನ್ನು ಬಿಡಬೇಡಿ. 1000 ಅಥವಾ ಹೆಚ್ಚು ಇದ್ದರೆ ಮಾತ್ರ ಆಪ್ಟ್ ದೊಡ್ಡ ಸಂಖ್ಯೆಯಿಂದ ಚಿಕ್ಕ ಸಂಖ್ಯೆಗೆ ಇಳಿಯಲು ಒಪ್ಪುತ್ತದೆ.

ನಂತರ ಆಪ್ಟ್ ಅಪ್‌ಡೇಟ್, ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್. ಡೌನ್‌ಗ್ರೇಡ್ ಆಗುತ್ತದೆ ಎಂಬ ಎಚ್ಚರಿಕೆ ಬಂದರೆ ಹೆದರದೆ ಒಪ್ಪಿಗೆ ಕೊಡಿ. ಇಳಿಯುತ್ತಿರುವುದು ಆ ಕೋಲನ್ ಸಂಖ್ಯೆ ಮಾತ್ರ. ಎಲ್ಲ ಸರಿಯಾದ ಮೇಲೆ ಕೊನೆಯಲ್ಲಿ ಸ್ನ್ಯಾಪ್ ರಿಮೂವ್.

ಪಾಠಮನೆ:
ಎಲ್ಲ ಮಾಡಿದೆ. ಬೇಗ ತೆರೆಯುತ್ತಿದೆ. ಆದರೆ ಮತ್ತೆ ಖಾಲಿ ಬ್ರೌಸರ್! ಮೆನುಗಳೂ ಇಂಗ್ಲಿಷ್‌ನಲ್ಲಿವೆ, ಮೊದಲು ಕನ್ನಡದಲ್ಲಿದ್ದವು.

ಟರ್ಮಿನಲ್‌ಮಿತ್ರ:
2019ರಲ್ಲಿ ಬಂದ 67ನೇ ಆವೃತ್ತಿಯಿಂದ ಪ್ರತಿ ಅನುಸ್ಥಾಪನೆಗೂ ಬೇರೆ ಪ್ರೊಫೈಲ್ (ಬುಕ್‌ಮಾರ್ಕ್, ಪಾಸ್‌ವರ್ಡ್ ಇರುವ ಫೋಲ್ಡರ್) ಕೊಡುವ ಪದ್ಧತಿ ಇದೆ. ನಿಮ್ಮ ಹಳೆಯ ಪ್ರೊಫೈಲ್ ಪಕ್ಕದಲ್ಲೇ ಇದೆ, ಹೊಸ ಬ್ರೌಸರ್ ಅದನ್ನು ಆರಿಸಿಕೊಂಡಿಲ್ಲ ಅಷ್ಟೇ. ವಿಳಾಸಪಟ್ಟಿಯಲ್ಲಿ ಅಬೌಟ್ ಕೋಲನ್ ಪ್ರೊಫೈಲ್ಸ್ ಎಂದು ಬರೆದು ಎಂಟರ್ ಒತ್ತಿ, ಹಳೆಯದನ್ನು ಡಿಫಾಲ್ಟ್ ಮಾಡಿ ಮತ್ತೆ ತೆರೆಯಿರಿ. ಕನ್ನಡಕ್ಕೆ ಪ್ರತ್ಯೇಕ ಭಾಷಾ ಪ್ಯಾಕೇಜ್ ಇದೆ: ಫೈರ್‌ಫಾಕ್ಸ್, ಅಡ್ಡಗೆರೆ, ಎಲ್10ಎನ್, ಅಡ್ಡಗೆರೆ, ಕೆಎನ್. ಅದನ್ನೂ ಆಪ್ಟ್‌ನಿಂದಲೇ ಹಾಕಿ.

ಪಾಠಮನೆ:
ಎರಡೂ ಆಯಿತು. ಕನ್ನಡ ಮೆನು ಮರಳಿದೆ.

ಕಾವೇರಿಕಣಿವೆ:
ಇದೇ ಚರ್ಚೆಯಲ್ಲಿ ಕೇಳಬಹುದೇ? ನಾನು ಮೊಜಿಲ್ಲಾ ತಾಣದಿಂದ ಫೈರ್‌ಫಾಕ್ಸ್‌ನ ಟಾರ್ ಕಡತ (ಎಲ್ಲವನ್ನೂ ಒಂದರಲ್ಲಿ ಕಟ್ಟಿಟ್ಟ tar ಕಡತ) ಇಳಿಸಿ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿಚ್ಚಿ ಬಳಸುತ್ತಿದ್ದೇನೆ. ಭದ್ರತಾ ಸೌಲಭ್ಯ ಕಡಿಮೆ ಇರಬಹುದು ಎಂಬ ಪಟ್ಟಿ ಮೇಲೆ ಕಾಣುತ್ತಿದೆ. ನನ್ನದೂ 24.04.

ಟರ್ಮಿನಲ್‌ಮಿತ್ರ:
24.04ರಲ್ಲಿ ಆಪ್‌ಆರ್ಮರ್ (ಪ್ರೋಗ್ರಾಂಗಳಿಗೆ ಮಿತಿ ಹಾಕುವ ಉಬುಂಟುವಿನ ಕಾವಲು ವ್ಯವಸ್ಥೆ) ಬಿಗಿಯಾಗಿದೆ. ಫೈರ್‌ಫಾಕ್ಸ್ ತನ್ನ ಸ್ಯಾಂಡ್‌ಬಾಕ್ಸ್‌ಗೆ (ಜಾಲಪುಟಗಳನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸುವ ಆವರಣ) ಬಳಸುವ ಯೂಸರ್ ನೇಮ್‌ಸ್ಪೇಸ್ ಎಂಬ ಲಿನಕ್ಸ್ ಸೌಲಭ್ಯವನ್ನು ಗುರುತಿಲ್ಲದ ಜಾಗದಿಂದ ಓಡುವ ಪ್ರೋಗ್ರಾಂಗಳಿಗೆ ಅದು ಕೊಡುವುದಿಲ್ಲ. ಫೋಲ್ಡರನ್ನು ಆಪ್ಟ್ ಅಲ್ಲ, ಓಪಿಟಿ ಎಂಬ ವ್ಯವಸ್ಥಾ ಫೋಲ್ಡರ್‌ಗೆ ಸಾಗಿಸಿ ಅಲ್ಲಿಂದ ಓಡಿಸಿ. ಆ ದಾರಿಯನ್ನು ಉಬುಂಟು ಗುರುತಿಸುತ್ತದೆ. ಆ ಎಚ್ಚರಿಕೆಯನ್ನು ಮುಚ್ಚಿ ಸುಮ್ಮನಾಗಬೇಡಿ, ಬ್ಯಾಂಕ್ ಕೆಲಸವನ್ನೂ ನಾವು ಇದರಲ್ಲೇ ಮಾಡುತ್ತೇವೆ.

ಹಳೆಯಂತ್ರ:
ನನ್ನ ಅಂಗಡಿಯ ಕಂಪ್ಯೂಟರ್ ವಿಂಡೋಸ್ 7. ಹೊಸ ಫೈರ್‌ಫಾಕ್ಸ್ ಹಾಕಲು ಹೋದರೆ ಈ ವ್ಯವಸ್ಥೆಗೆ ಹೊಂದುವುದಿಲ್ಲ ಎನ್ನುತ್ತದೆ. ಹಳೆಯದರಲ್ಲಿ ಆ್ಯಡ್-ಆನ್‌ಗಳು ಓಡುತ್ತಿಲ್ಲ.

ಟರ್ಮಿನಲ್‌ಮಿತ್ರ:
ವಿಂಡೋಸ್ 7, 8 ಮತ್ತು 8.1ಕ್ಕೆ ಕೊನೆಯ ಸರಣಿ 115 ಇಎಸ್‌ಆರ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ). ಮೊಜಿಲ್ಲಾದ ಎಲ್ಲ ಡೌನ್‌ಲೋಡ್‌ಗಳ ಪುಟದಲ್ಲಿ ಅದನ್ನೇ ಆರಿಸಿ, ಪೂರ್ಣ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ನಿಮ್ಮ ವಿಂಡೋಸ್ 32-ಬಿಟ್ ಆವೃತ್ತಿಯೋ 64-ಬಿಟ್ ಆವೃತ್ತಿಯೋ ಮೊದಲು ನೋಡಿಕೊಳ್ಳಿ. ಆ್ಯಡ್-ಆನ್ ಕೆಟ್ಟದ್ದಕ್ಕೆ ಕಾರಣ 2025ರ ಮಾರ್ಚ್ 14ರಂದು ಅವಧಿ ಮುಗಿದ ಒಂದು ಮೂಲ ಪ್ರಮಾಣಪತ್ರ (ಆ್ಯಡ್-ಆನ್ ಅಸಲಿಯೇ ಎಂದು ಫೈರ್‌ಫಾಕ್ಸ್ ಪರೀಕ್ಷಿಸಲು ಬಳಸುವ ಡಿಜಿಟಲ್ ಗುರುತು). 115 ಸರಣಿಯಲ್ಲಿ 115.13 ಅಥವಾ ಅದರ ನಂತರದ್ದು ಇದ್ದರೆ ಆ ತೊಂದರೆ ಇಲ್ಲ. ಜಾಲತಾಣಗಳೆಲ್ಲ ಸುರಕ್ಷಿತವಲ್ಲ ಎಂದು ತೋರಿಸಿದರೆ ಗಡಿಯಾರ ನೋಡಿ. ಹಳೆಯ ಯಂತ್ರದ ಮದರ್‌ಬೋರ್ಡ್ ಬ್ಯಾಟರಿ ಸತ್ತರೆ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆದರೂ ಹೇಳಲೇಬೇಕು: ವಿಂಡೋಸ್ 7ಕ್ಕೇ ಭದ್ರತಾ ದುರಸ್ತಿ ನಿಂತಿದೆ. ಅಂಗಡಿಯ ಹಣದ ವ್ಯವಹಾರ ಅದರಲ್ಲಿ ಬೇಡ.

ಸೇಬುಬಳಕೆದಾರ:
ಮ್ಯಾಕ್‌ನಲ್ಲಿ ಯಂತ್ರ ಮುಚ್ಚಿ ತೆರೆದಾಗಲೆಲ್ಲ ಫೈರ್‌ಫಾಕ್ಸ್ ಐಕಾನ್ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ.

ಟರ್ಮಿನಲ್‌ಮಿತ್ರ:
ಇಳಿಸಿಕೊಂಡ ಡಿಎಂಜಿ ಕಡತದ (ಮ್ಯಾಕ್‌ನ ಡಿಸ್ಕ್ ಚಿತ್ರ) ಒಳಗಿಂದಲೇ ಓಡಿಸುತ್ತಿದ್ದೀರಿ. ತೆರೆದ ಕಿಟಕಿಯಲ್ಲಿರುವ ಫೈರ್‌ಫಾಕ್ಸ್ ಚಿತ್ರವನ್ನು ಅಪ್ಲಿಕೇಶನ್ಸ್ ಫೋಲ್ಡರ್ ಮೇಲೆ ಎಳೆದು ಬಿಡಿ, ಡಿಸ್ಕ್ ಚಿತ್ರವನ್ನು ಇಜೆಕ್ಟ್ ಮಾಡಿ, ಡಾಕ್‌ನ ಹಳೆಯ ಐಕಾನ್ ತೆಗೆದು ಅಪ್ಲಿಕೇಶನ್ಸ್‌ನಿಂದ ಹೊಸದನ್ನು ಇಡಿ.

ಪಾಠಮನೆ:
ಕೊನೆಯದೊಂದು ಪ್ರಶ್ನೆ. ಈಗ ಓಡುತ್ತಿರುವುದು ಸ್ನ್ಯಾಪ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಟರ್ಮಿನಲ್‌ಮಿತ್ರ:
ಅಬೌಟ್ ಕೋಲನ್ ಸಪೋರ್ಟ್ ಪುಟ ತೆರೆಯಿರಿ. ಅಪ್ಲಿಕೇಶನ್ ಬೈನರಿ ಎಂಬ ಸಾಲಿನಲ್ಲಿ ದಾರಿ ಯುಎಸ್‌ಆರ್ ಎಂದು ಶುರುವಾದರೆ ಮೊಜಿಲ್ಲಾದ ಪ್ಯಾಕೇಜ್, ಸ್ನ್ಯಾಪ್ ಎಂದು ಶುರುವಾದರೆ ಸ್ನ್ಯಾಪ್.

ಪಾಠಮನೆ:
ಯುಎಸ್‌ಆರ್ ಎಂದೇ ಇದೆ. ಚರ್ಚೆಗೆ ಪರಿಹಾರವಾಗಿದೆ ಎಂಬ ಗುರುತು ಹಾಕುತ್ತಿದ್ದೇನೆ. ಇವತ್ತೇ ಸಿಂಕ್ ಕೂಡ ಶುರು ಮಾಡುತ್ತೇನೆ.