ಪದಚರ್ಚೆ: ಡಿಬಗ್ಗರ್ ತೋರಿಸುವ "ಆಕರ ಸಾಲು" ಯಾವ ಕಡತದ್ದು?

ಪ್ರಶ್ನೆ: ಸಿ ಕಾರ್ಯಕ್ರಮದೊಳಗೆ ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್ ಬೆರೆಸಲು ಇಸಿಪಿಜಿ (ಪೋಸ್ಟ್‌ಗ್ರೆಸ್‌ಕ್ಯುಎಲ್‌ನದು), ಪ್ರೊ*ಸಿಯಂಥ (ಒರಾಕಲ್‌ನದು) ಪ್ರೀಕಂಪೈಲರ್‌ಗಳಿವೆ. ಅವುಗಳ ಕೈಪಿಡಿ ಕನ್ನಡಿಸುವಾಗ "ಸೋರ್ಸ್ ಲೈನ್" ಬಂದಲ್ಲೆಲ್ಲ "ಆಕರ ಸಾಲು" ಎನ್ನುತ್ತಿದ್ದೇವೆ. ಆದರೆ ಕಡತಗಳು ಎರಡು: ನಾವು ಬರೆದದ್ದು, ಪ್ರೀಕಂಪೈಲರ್ ಬರೆದುಕೊಟ್ಟ ಸಿ ಕಡತ. ಸಿ ಕಂಪೈಲರ್‌ಗೆ ಎರಡನೆಯದೇ ಆಕರ. ಡಿಬಗ್ಗರ್ (ಕಾರ್ಯಕ್ರಮವನ್ನು ಸಾಲುಸಾಲಾಗಿ ಓಡಿಸಿ ತಪ್ಪು ಹುಡುಕುವ ಸಾಧನ) ತೋರಿಸುವ ಸಾಲಿಗೂ ಒಂದೇ ಪದ ಸಾಕೇ? ಪ್ರೀಕಂಪೈಲರನ್ನು "ಪೂರ್ವಸಂಸ್ಕಾರಕ" ಎನ್ನಬಹುದೇ?

ಉತ್ತರ: ಸಾಲದು. ನೀವು ಬರೆದದ್ದು "ಮೂಲ ಕಡತ", ಹೊರಬಂದದ್ದು "ಉತ್ಪನ್ನ ಕಡತ" ಎಂದಿಡಿ. "ಪೂರ್ವಸಂಸ್ಕಾರಕ"ವನ್ನು ಮ್ಯಾಕ್ರೊ (ಸಂಕ್ಷೇಪವಾಗಿ ಬರೆದ ಕೋಡ್) ಬಿಡಿಸುವ ಸಿ ಪ್ರಿಪ್ರೊಸೆಸರ್‌ಗೆ ಬಿಟ್ಟುಬಿಡಿ. ಅದಕ್ಕೆ ಎಸ್‌ಕ್ಯುಎಲ್ ಗೊತ್ತಿಲ್ಲ. ಎಸ್‌ಕ್ಯುಎಲ್ ವಾಕ್ಯವನ್ನು ಲೈಬ್ರರಿ ಕರೆಯಾಗಿ ಮಾರ್ಪಡಿಸುವುದು ಬೇರೆಯೇ ಕೆಲಸ. "ಪೂರ್ವಸಂಕಲಕ" ತಪ್ಪಲ್ಲ, ಆದರೆ ಓದುಗರು ಆಡುವುದು "ಪ್ರೀಕಂಪೈಲರ್" ಎಂದೇ.

ಎರಡು ಕಡತಗಳ ನಂಟು "#ಲೈನ್" ನಿರ್ದೇಶನದಲ್ಲಿದೆ. ಮುಂದಿನ ಸಾಲು ಮೂಲ ಕಡತದ ಇಷ್ಟನೆಯ ಸಾಲು ಎಂದು ಅದು ಕಂಪೈಲರ್‌ಗೆ ಹೇಳುತ್ತದೆ. ಡಿಬಗ್ ಮಾಹಿತಿ ಸೇರಿಸುವ "-ಜಿ" ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಅದೇ ಸಂಖ್ಯೆ ಆ ಮಾಹಿತಿಗೂ ಹೋಗುತ್ತದೆ. ಇಸಿಪಿಜಿ ಈ ನಿರ್ದೇಶನವನ್ನು ತಾನಾಗಿಯೇ ಹಾಕುತ್ತದೆ. ಪ್ರೊ*ಸಿಯಲ್ಲಿ "ಲೈನ್ಸ್=ಯೆಸ್" ಎಂದು ಕೇಳಬೇಕು, ಇಲ್ಲದಿದ್ದರೆ ಡಿಬಗ್ಗರ್ ಉತ್ಪನ್ನ ಕಡತವನ್ನೇ ತೆರೆಯುತ್ತದೆ. ಹೀಗಾಗಿ "ಆಕರ ಸಾಲು" ಎಂದಷ್ಟೇ ಬರೆದರೆ ಓದುಗ ತಪ್ಪು ಕಡತ ಹುಡುಕುತ್ತಾನೆ.

ನಂಟಿದ್ದರೂ ತೊಡಕು ತೀರದು. ಒಂದು ಎಸ್‌ಕ್ಯುಎಲ್ ವಾಕ್ಯ ಹಲವು ಸಿ ಸಾಲುಗಳಾಗುವುದರಿಂದ ಜಿಡಿಬಿ ಎಂಬ ಡಿಬಗ್ಗರ್‌ನಲ್ಲಿ ಮುಂದಿನ ಸಾಲಿಗೆ ಹೋಗಲು "ನೆಕ್ಸ್ಟ್" ಒತ್ತಿದಾಗ ನಿಂತಲ್ಲೇ ನಿಂತಂತೆ ಕಾಣಬಹುದು. ಇಸಿಪಿಜಿಯಲ್ಲಿ ಮಾಮೂಲಿ ಕರ್ಸರ್ (ಫಲಿತಾಂಶವನ್ನು ಒಂದೊಂದೇ ಸಾಲಾಗಿ ಓದುವ ಸಾಧನ) ಘೋಷಣೆ ಉತ್ಪನ್ನ ಕಡತದಲ್ಲಿ ಬರೀ ಟಿಪ್ಪಣಿಯಾಗಿ (ಕಾಮೆಂಟ್) ಇಳಿಯುತ್ತದೆ. ಅಲ್ಲಿ ಬ್ರೇಕ್‌ಪಾಯಿಂಟ್ (ನಿಲುಗಡೆಯ ಗುರುತು) ಇಟ್ಟರೆ ಅದು ಕೆಳಗಿನ, ಕೋಡ್ ಇರುವ ಸಾಲಿಗೆ ಜಾರುತ್ತದೆ. ನಿಲ್ಲಿಸಬೇಕಾದ್ದು ಕರ್ಸರ್ ತೆರೆಯುವ "ಓಪನ್" ಸಾಲಿನಲ್ಲಿ. ಎಸ್‌ಕ್ಯುಎಲ್ ದೋಷ ಬಂದರೆ ಏನು ಮಾಡಬೇಕೆಂದು ಹೇಳುವ "ವೆನೆವರ್ ಎಸ್‌ಕ್ಯುಎಲ್‌ಎರರ್" ಇನ್ನೂ ಮೋಸದ್ದು: ಅದು ಕಾರ್ಯಕ್ರಮ ಓಡುವ ಕ್ರಮವನ್ನು ನೋಡುವುದಿಲ್ಲ, ಕಡತದಲ್ಲಿ ತನ್ನ ಕೆಳಗೆ ಬರೆದ ಪ್ರತಿ ಎಸ್‌ಕ್ಯುಎಲ್ ವಾಕ್ಯದ ಬೆನ್ನಿಗೂ ಒಂದು "ಇಫ್" ಅಂಟಿಸುತ್ತದೆ. ಮೂಲದಲ್ಲಿ ಕಾಣದ ಆ ಜಿಗಿತಕ್ಕೆ "ಸೇರಿಸಿದ ತಪಾಸಣೆ" ಎಂಬ ಪದ ಒಪ್ಪುತ್ತದೆ.

ಅಂಥದ್ದನ್ನು ನೋಡಬೇಕಾದಾಗ ಉತ್ಪನ್ನ ಕಡತದ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಉಳಿಸಿ, "#ಲೈನ್" ಸಾಲುಗಳನ್ನೆಲ್ಲ ಅಳಿಸಿ, "-ಜಿ -ಒ0" (ಎರಡನೆಯದು ಆಪ್ಟಿಮೈಸೇಶನ್ ಬೇಡವೆನ್ನಲು) ಕೊಟ್ಟು ಕಂಪೈಲ್ ಮಾಡಿ. ಹೆಸರು ಬದಲಿಸದಿದ್ದರೆ ಮುಂದಿನ ಸಲ ಕಾರ್ಯಕ್ರಮ ಕಟ್ಟುವ "ಮೇಕ್" ಅದರ ಮೇಲೆ ಬರೆದುಬಿಡಬಹುದು. ತಿದ್ದುವುದು ಮಾತ್ರ ಮೂಲ ಕಡತದಲ್ಲೇ.